ಗಾಡಿಗಳ ವೇಗ ಅಳೆಯಬೇಕೇ? ಯಾವ ಸೆನ್ಸರ್ ಕೊಳ್ಳಬೇಕು, ಯಾವುದು ಬೇಡ

ಶಾಲೆ ಮುಂದೆ ಗಾಡಿಗಳು ತುಂಬಾ ಜೋರಾಗಿ ಬರುತ್ತವೆ, ಹಂಪ್ ಹಾಕಿಸಿ ಎಂದು ಅರ್ಜಿ ಬರೆಯುತ್ತೀರಿ. ‘ಜೋರು ಅಂದ್ರೆ ಎಷ್ಟು?’ ಎಂದು ಯಾರಾದರೂ ಕೇಳಿದರೆ? ಆಗ ಅಂಕಿ ಕೈಯಲ್ಲಿರಬೇಕು. ಅದಕ್ಕೆ ಪೊಲೀಸರ ಸ್ಪೀಡ್ ಗನ್ನೇ ಆಗಬೇಕೆಂದಿಲ್ಲ.

ಮೊದಲ ದಿನ ಏನನ್ನೂ ಕೊಳ್ಳಬೇಡಿ. ರಸ್ತೆ ಬದಿಯಲ್ಲಿ ಟೇಪ್ ಹಿಡಿದು 50 ಮೀಟರ್ ಅಳೆದು, ಎರಡೂ ತುದಿಗೆ ಸುಣ್ಣದ ಗುರುತು ಹಾಕಿ. ಮುಂದಿನ ಚಕ್ರ ಒಂದು ಗುರುತಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಎಷ್ಟು ಸೆಕೆಂಡ್ ಆಯಿತೆಂದು ಮೊಬೈಲ್‌ನಲ್ಲಿ ನೋಡಿ. 180ನ್ನು ಆ ಸೆಕೆಂಡ್‌ಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. 3.6 ಸೆಕೆಂಡ್ ಆದರೆ 50 ಕಿ.ಮೀ., 3 ಸೆಕೆಂಡ್ ಆದರೆ 60. ಬೆರಳು 0.3 ಸೆಕೆಂಡ್ ತಡವಾದರೂ 60 ಇದ್ದದ್ದು 55ಕ್ಕೆ ಇಳಿಯುತ್ತದೆ. ದಿನವಿಡೀ ಹೀಗೆ ಒತ್ತುತ್ತಾ ನಿಲ್ಲುವುದೂ ಕಷ್ಟ, ಅಲ್ವಾ? ಸೆನ್ಸರ್ ಬೇಕಾಗುವುದು ಇಲ್ಲೇ.

ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವಂಥದ್ದು. ತುಂಬಾ ಅಗ್ಗ, ಆದರೆ ಈ ಕೆಲಸಕ್ಕೆ ಬೇಡ. ಅದಕ್ಕೆ ಕಾಣುವುದು ಸುಮಾರು 4 ಮೀಟರ್ ಮಾತ್ರ. 60 ಕಿ.ಮೀ. ವೇಗದ ಬೈಕ್ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟಿರುತ್ತದೆ.

ಎರಡು ಇನ್‌ಫ್ರಾರೆಡ್ ಕಿರಣಗಳನ್ನು ರಸ್ತೆಗೆ ಅಡ್ಡ ಹಾಯಿಸಿ, ಗಾಡಿ ಒಂದನ್ನು ದಾಟಿ ಇನ್ನೊಂದನ್ನು ತಲುಪುವ ಸಮಯ ನೋಡುವ ವಿಧಾನವೂ ಇದೆ. ಕಾಲೇಜು ಪ್ರಾಜೆಕ್ಟ್‌ಗೆ ಚೆಂದ. ನಮ್ಮ ರಸ್ತೆಗಳಲ್ಲಿ ಎರಡು ಬೈಕ್ ಅಕ್ಕಪಕ್ಕ ಬರುತ್ತವೆ, ಟ್ರ್ಯಾಕ್ಟರ್ ಹಿಂದೆ ಟ್ರೇಲರ್ ಇರುತ್ತದೆ, ನಡುವೆ ಹಸು ದಾಟುತ್ತದೆ. ಯಾವುದು ಯಾವ ಕಿರಣವನ್ನು ತಡೆಯಿತೆಂದು ಗೊತ್ತಾಗುವುದೇ ಇಲ್ಲ. ಮಧ್ಯಾಹ್ನದ ಬಿಸಿಲೂ ಅದಕ್ಕೆ ಆಗಿಬರುವುದಿಲ್ಲ.

ನನ್ನ ಆಯ್ಕೆ ಡಾಪ್ಲರ್ ರೇಡಾರ್ ಮಾಡ್ಯೂಲ್. ಎಚ್‌ಬಿ100 ಎಂದು ಕೇಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಂಗಳೂರಿನವರು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರೋಡ್‌ನಲ್ಲಿ ಹುಡುಕಬಹುದು. ಇದು 10.525 ಗಿಗಾಹರ್ಟ್ಸ್ ಅಲೆ ಬಿಡುತ್ತದೆ. ಬರುವ ಗಾಡಿಗೆ ಬಡಿದು ವಾಪಸಾದ ಅಲೆಯ ಕಂಪನ ಸ್ವಲ್ಪ ಹೆಚ್ಚಿರುತ್ತದೆ. ಈ ಹೆಚ್ಚಳ ಗಂಟೆಗೆ 1 ಕಿ.ಮೀ. ವೇಗಕ್ಕೆ ಸುಮಾರು 19.5 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಲೆಕ್ಕ. ಹಾಗಾಗಿ 1170 ಹರ್ಟ್ಸ್ ಬಂದರೆ ವೇಗ 60. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದನ್ನು ಎಣಿಸಿಕೊಳ್ಳುತ್ತದೆ. ಇದೇ ಜಾತಿಯ ಸಿಡಿಎಂ324 ಕೆಲಸ ಮಾಡುವುದು 24.125 ಗಿಗಾಹರ್ಟ್ಸ್‌ನಲ್ಲಿ. ಅದರಲ್ಲಿ 1 ಕಿ.ಮೀ. ವೇಗಕ್ಕೆ 44.7 ಹರ್ಟ್ಸ್ ಬರುವುದರಿಂದ ಎಣಿಕೆ ಇನ್ನೂ ನಯ.

ಕೊಳ್ಳುವಾಗ ಒಂದು ನೆನಪಿಡಿ. ಬರೀ ಮಾಡ್ಯೂಲ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಆರ್ಡುಯಿನೊಗೆ ಅದು ಕಾಣುವುದಿಲ್ಲ. ಎಲ್‌ಎಂ358ರಂಥ ಐಸಿ (ಚಿಪ್) ಇರುವ, ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್ ಬೇಕೇ ಬೇಕು. ಇದನ್ನು ಬಿಟ್ಟು ತಂದವರು ಸುಮ್ನೆ ಮಾಡ್ಯೂಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ರೇಡಾರ್ ಪ್ಲಾಸ್ಟಿಕ್ ದಾಟುತ್ತದೆ, ತಗಡು ದಾಟುವುದಿಲ್ಲ. ಡಬ್ಬಿಯ ಮುಖ ರಸ್ತೆಯ ಉದ್ದಕ್ಕೇ ಇರಲಿ. ಓರೆಯಾದಷ್ಟೂ ವೇಗ ಕಡಿಮೆ ತೋರಿಸುತ್ತದೆ. 20 ಡಿಗ್ರಿ ಓರೆಯಾದರೆ 60 ಇದ್ದದ್ದು 56 ಆಗುತ್ತದೆ, 30 ಡಿಗ್ರಿಗೆ 52. ನೀವೂ ಡಬ್ಬಿಯೂ ಆದಷ್ಟು ಕಣ್ಣಿಗೆ ಬೀಳದಂತಿರಿ. ನಿಮ್ಮನ್ನು ನೋಡಿ ಡ್ರೈವರ್ ಬ್ರೇಕ್ ಒತ್ತಿದರೆ ಅಳತೆಯೇ ಕೆಟ್ಟಿತು. ಬಸ್ ಪಕ್ಕದಲ್ಲಿ ಬೈಕ್ ಬಂದಾಗ ಬಸ್ಸಿನ ಸಿಗ್ನಲ್ಲೇ ಜೋರಾಗಿರುತ್ತದೆ, ಅಂಥ ಅಂಕಿ ಬಿಟ್ಟುಬಿಡಿ. ಗಾಡಿ ನಿಮ್ಮತ್ತ ಬಂತೋ ನಿಮ್ಮಿಂದ ದೂರ ಹೋಯಿತೋ ಎಂಬುದು ಈ ಅಂಕಿಯಿಂದ ತಿಳಿಯುವುದಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು.

ಶುರು ಮಾಡುವ ಮೊದಲು ಗೆಳೆಯರೊಬ್ಬರಿಗೆ 30, 40 ವೇಗದಲ್ಲಿ ಬೈಕ್ ಓಡಿಸಲು ಹೇಳಿ, ಮೊಬೈಲ್ ಜಿಪಿಎಸ್ ಜೊತೆ ತಾಳೆ ನೋಡಿ. ಸ್ಪೀಡೋಮೀಟರ್ ನಂಬಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಆಮೇಲೆ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ 100 ಗಾಡಿ ಅಳೆಯಿರಿ. ಮುಂದೆ ಅಡ್ಡಿಯಿಲ್ಲದೆ ಬರುವವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ವೇಗಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು, 85ನೆಯದರ ಸುತ್ತ ಗೆರೆ ಹಾಕಿ. ನೂರರಲ್ಲಿ 85 ಗಾಡಿ ಆ ವೇಗದಲ್ಲೋ ಅದಕ್ಕಿಂತ ಕಡಿಮೆಯಲ್ಲೋ ಬಂದಿವೆ ಎಂದರ್ಥ. ರಸ್ತೆ ಎಂಜಿನಿಯರ್‌ಗಳು ನೋಡುವ ಅಂಕಿ ಅದೇ. ಇದರಿಂದ ಯಾರಿಗೂ ದಂಡ ಹಾಕಿಸಲು ಆಗದು, ಅದಕ್ಕೆ ಪ್ರಮಾಣಿತ ಉಪಕರಣವೇ ಬೇಕು. ಹಂಪ್ ಕೇಳುವ ಅರ್ಜಿಗೆ ಮಾತ್ರ ದಿನಾಂಕ, ಗಂಟೆ, ಗಾಡಿಯ ಬಗೆ ಬರೆದ ಆ ಹಾಳೆಯನ್ನೇ ಲಗತ್ತಿಸಿ.