ಮಗುವಿನೊಂದಿಗೆ ಬೇರೆ ರಾಜ್ಯಕ್ಕೆ ಹೋಗಬೇಕಾದಾಗ: ಸುಪರ್ದಿ ಆದೇಶ ಇರುವವರು ಮಾಡಬೇಕಾದ ಕೆಲಸ

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನವಾಗಿ, ಮಗುವಿನ ಸುಪರ್ದಿ ಪಡೆದಿರುವ ತಾಯಿಯೊಬ್ಬರಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಸುಪರ್ದಿ ತನ್ನದೇ ಆಗಿರುವಾಗ ಊರು ಬದಲಿಸಲು ಯಾರ ಅಪ್ಪಣೆ ಬೇಕು ಎಂದು ಅವರಿಗೆ ಅನಿಸುವುದು ಸಹಜ. ಆದರೆ ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಗು ತಂದೆಯ ಬಳಿ ಇರತಕ್ಕದ್ದು’ ಎಂಬ ಸಾಲು ಆದೇಶದಲ್ಲಿದ್ದರೆ, 800 ಕಿಲೋಮೀಟರಿಗೂ ಹೆಚ್ಚು ದೂರದಿಂದ ಅದನ್ನು ಪಾಲಿಸುವುದು ಆಗದ ಮಾತು. ಸುಪರ್ದಿ ತಂದೆಯ ಬಳಿ ಇದ್ದು, ಅವರೇ ಹೊರಡುವುದಾದರೂ ಇದೇ ತೊಡಕು.

ಮೊದಲು ಆದೇಶದ ದೃಢೀಕೃತ ನಕಲನ್ನು ತರಿಸಿಕೊಂಡು ಓದಿ. ರಾಜಿಯಲ್ಲಿ ಮುಗಿದ ಪ್ರಕರಣವಾದರೆ ರಾಜಿ ಅರ್ಜಿಯ ಷರತ್ತುಗಳನ್ನೂ ಬಿಡಬೇಡಿ, ಏಕೆಂದರೆ ಊರು ಬಿಡುವ ಮಾತು ಬಹಳ ಸಲ ಅಲ್ಲಿಯೇ ಅಡಗಿರುತ್ತದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯವೇ ನಿಮ್ಮನ್ನು ಪಾಲಕರೆಂದು ನೇಮಿಸಿದ್ದರೆ, ಅನುಮತಿಯಿಲ್ಲದೆ ಮಗುವನ್ನು ಆ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ ಎಂದು ಕಲಂ 26 ಹೇಳುತ್ತದೆ. ಅದನ್ನು ಮೀರಿದರೆ ಕಲಂ 44ರಡಿ 1,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಸಿವಿಲ್ ಸೆರೆ ವಿಧಿಸಬಹುದು. ದಂಡದ ಮೊತ್ತ ಇಂದಿಗೆ ನಗೆಪಾಟಲೇ ಸರಿ; ಆದರೆ ಹೇಳದೆ ಹೊರಟವರ ಮೇಲೆ ನ್ಯಾಯಾಧೀಶರಿಗೆ ಕಳೆದುಹೋದ ನಂಬಿಕೆ ಮತ್ತೆ ಸುಲಭಕ್ಕೆ ಬರುವುದಿಲ್ಲ.

ಇನ್ನೊಬ್ಬ ಪೋಷಕರು ಒಪ್ಪುವಂತಿದ್ದರೆ ದಾರಿ ಹಗುರ. ಆದರೂ ಫೋನಿನಲ್ಲಿ ‘ಆಯ್ತು ಹೋಗು’ ಎಂದದ್ದನ್ನೋ ವಾಟ್ಸ್‌ಆ್ಯಪ್ ಸಂದೇಶವನ್ನೋ ನಂಬಿ ಸಾಮಾನು ಕಟ್ಟದೆ, ಹೊಸ ಭೇಟಿ ವ್ಯವಸ್ಥೆಯನ್ನು ಬರೆದು, ಇಬ್ಬರೂ ಸಹಿ ಹಾಕಿ, ನ್ಯಾಯಾಲಯಕ್ಕೆ ಸಲ್ಲಿಸಿ ಆದೇಶ ಪಡೆಯಿರಿ. ಒಪ್ಪದಿದ್ದರೆ, ಮೊದಲ ಆದೇಶ ಕೊಟ್ಟ ನ್ಯಾಯಾಲಯದಲ್ಲೇ ಮಾರ್ಪಾಡಿಗೆ ಅರ್ಜಿ ಹಾಕಬೇಕು. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನವಾಗಿದ್ದರೆ, ಡಿಕ್ರಿಯ (ವಿಚ್ಛೇದನದ ತೀರ್ಪಿನ) ನಂತರವೂ ಇದಕ್ಕೆ ಆ ಕಾಯ್ದೆಯದೇ ಕಲಂ 26 ಅವಕಾಶ ಕೊಡುತ್ತದೆ. ಎದುರು ಪಕ್ಷಕ್ಕೆ ನೋಟಿಸ್, ಅವರ ತಕರಾರು, ಸಂಧಾನ ಎಂದು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಕೆಲಸಕ್ಕೆ ಸೇರುವ ದಿನಾಂಕ ಗೊತ್ತಾದ ಕೂಡಲೇ ಅರ್ಜಿ ಸಲ್ಲಿಸುವುದು ಲೇಸು.

ನೇಮಕಾತಿ ಪತ್ರ, ಬಾಡಿಗೆ ಕರಾರು, ಹೊಸ ಶಾಲೆಯ ಸೀಟಿನ ವಿವರ ಇವನ್ನೆಲ್ಲ ಎಲ್ಲರೂ ಲಗತ್ತಿಸುತ್ತಾರೆ. ಅರ್ಜಿಗೆ ತೂಕ ಬರುವುದು, ದೂರ ಉಳಿಯುವವರಿಗೆ ಮಗು ಹೇಗೆ ಸಿಗುತ್ತದೆ ಎಂಬುದನ್ನು ನೀವೇ ಮುಂದಾಗಿ ಬರೆದಾಗ. ‘ಸೂಕ್ತ ಭೇಟಿಗೆ ಅವಕಾಶ ನೀಡಲಾಗುವುದು’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ‘ಬೇಸಿಗೆ ರಜೆಯ ಮೊದಲರ್ಧ ಮಗು ತಂದೆಯ ಮನೆಯಲ್ಲಿ ಇರತಕ್ಕದ್ದು, ಹೋಗಿಬರುವ ರೈಲಿನ ಖರ್ಚು ತಾಯಿಯದು, ಪ್ರತಿದಿನ ಸಂಜೆ 7.30ಕ್ಕೆ ವಿಡಿಯೊ ಕರೆ’ ಎಂಬಷ್ಟು ಬಿಡಿಸಿ ಬರೆಯಿರಿ. ರಜೆಯನ್ನು ಹೊಸ ಶಾಲೆಯ ಕ್ಯಾಲೆಂಡರ್ ನೋಡಿಯೇ ಹಂಚಬೇಕು. ನಮ್ಮಲ್ಲಿ ದಸರೆಗೆ ದೊಡ್ಡ ರಜೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಅದು ಸಾಮಾನ್ಯವಾಗಿ ದೀಪಾವಳಿಗೆ. ಹಳೆಯ ಆದೇಶದ ‘ದಸರಾ ರಜೆ’ಯನ್ನು ಹಾಗೆಯೇ ಇಳಿಸಿಕೊಂಡರೆ ತಂದೆಗೆ ಸಿಗುವುದು ಒಂದೆರಡು ದಿನವಷ್ಟೇ, ಮುಂದಿನ ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ.

ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ಕೊಠಡಿಗೆ ಕರೆಸಿ ಮಾತನಾಡಿಸಬಹುದು. ವಿಕ್ರಮ್ ವೀರ್ ವೋಹ್ರಾ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಮಗುವಿನೊಂದಿಗೆ ಮಾತನಾಡಿದ ಬಳಿಕವೇ ತಾಯಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಲು ಸಮ್ಮತಿಸಿತು. ಸುಪರ್ದಿ ಆದೇಶಗಳು ಕಲ್ಲಿನಲ್ಲಿ ಕೊರೆದವಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ಬದಲಾಗಬಲ್ಲವು ಎಂಬುದನ್ನೂ ಸ್ಪಷ್ಟಪಡಿಸಿತು. ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ, ಅದು ಎರಡೇ ಪ್ರಶ್ನೆಗಳಲ್ಲಿ ಬಯಲಾಗುತ್ತದೆ.

ಅನುಮತಿ ಕೈಸೇರುವವರೆಗೆ ಹಳೆಯ ಶಾಲೆಯಿಂದ ಟಿಸಿ ತೆಗೆಸಬೇಡಿ, ಶನಿವಾರದ ಭೇಟಿಯನ್ನೂ ತಪ್ಪಿಸಬೇಡಿ. ಆದೇಶವಾದ ಮೇಲೆ ಅದರ ಒಂದು ನಕಲನ್ನು ಹೊಸ ಶಾಲೆಗೆ ಕೊಟ್ಟು, ರಜೆಗೆ ಮಗುವನ್ನು ಕರೆದೊಯ್ಯಲು ಬರುವ ಇನ್ನೊಬ್ಬ ಪೋಷಕರ ಹೆಸರನ್ನು ಅಲ್ಲಿನ ದಾಖಲೆಯಲ್ಲಿ ಬರೆಸಿಬಿಡಿ.