‘ರೀನ್ಸ್’ ಅಂದರೆ ಲಗಾಮು ಅಂದುಕೊಂಡಿದ್ದೆ: ಒಂದು ಅನುವಾದದ ಅನುಭವ

ಹಳೆಯ ಇಂಗ್ಲಿಷ್ ಪ್ರಾರ್ಥನೆಗಳನ್ನು ಕನ್ನಡಕ್ಕೆ ತರುವಾಗ ನಾನು ತುಂಬಾ ದಿನ ಒಂದೇ ಸಾಲಿಗೆ ಅಂಟಿಕೊಂಡು ಕೂತಿದ್ದೆ. 1611ರ ಕಿಂಗ್ ಜೇಮ್ಸ್ ಬೈಬಲಿನ 16ನೇ ಕೀರ್ತನೆ, 7ನೇ ವಚನ. ರಾತ್ರಿ ಹೊತ್ತು ನನ್ನ ‘ರೀನ್ಸ್’ ನನಗೆ ಬುದ್ಧಿ ಹೇಳುತ್ತವೆ ಅನ್ನುತ್ತದೆ ಆ ಸಾಲು. ರೀನ್ಸ್ ಅಂದರೆ ಕುದುರೆಯ ಲಗಾಮು ಅಲ್ವಾ? ಮನಸ್ಸಿನ ಲಗಾಮು ಇರಬೇಕು ಅಂತ ಮೊದಲ ಕರಡಿನಲ್ಲಿ ಹಾಗೇ ಬರೆದೆ.

ತಪ್ಪು ಗೊತ್ತಾಗಿದ್ದು ಅದೇ ಬೈಬಲಿನ ಯೋಬನ ಗ್ರಂಥ ಓದುವಾಗ. ದೇವರು ನನ್ನ ರೀನ್ಸ್ ಸೀಳುತ್ತಾನೆ, ಪಿತ್ತವನ್ನು ನೆಲಕ್ಕೆ ಸುರಿಯುತ್ತಾನೆ ಅಂತ 16ನೇ ಅಧ್ಯಾಯದಲ್ಲಿ ಯೋಬ ಗೋಳಾಡುತ್ತಾನೆ. ಪಿತ್ತದ ಪಕ್ಕ ಲಗಾಮಿಗೆ ಏನು ಕೆಲಸ?

ನಿಘಂಟು ತೆಗೆದೆ. ಕಾಗುಣಿತ ಒಂದೇ, ಪದಗಳು ಎರಡು. ಲಗಾಮಿನ ಪದ ‘ಹಿಡಿದು ನಿಲ್ಲಿಸು’ ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಇನ್ನೊಂದು ಲ್ಯಾಟಿನಿನ ‘ರೇನೇಸ್’, ಅಂದರೆ ಮೂತ್ರಪಿಂಡಗಳು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಡಾಕ್ಟರು ‘ರೀನಲ್ ಫೇಲ್ಯೂರ್’ ಅಂತಾರಲ್ಲ, ಅದರ ಬೇರೂ ಇದೇ.

ಹೀಬ್ರೂ ಮೂಲದಲ್ಲಿರುವುದು ‘ಕೆಲಾಯೋತ್’. ಕಿಂಗ್ ಜೇಮ್ಸ್ ಅನುವಾದಕರು ಬಲಿಯ ಪ್ರಾಣಿಯದ್ದಾದರೆ ಅದನ್ನು ‘ಕಿಡ್ನಿ’ ಅಂದರು, ಮನುಷ್ಯನದ್ದಾದರೆ ‘ರೀನ್ಸ್’ ಅಂದರು. ಮೂಲದಲ್ಲಿ ಈ ಭೇದವೇ ಇಲ್ಲ.

ಆದರೂ ಬುದ್ಧಿ ಹೇಳೋಕೆ ಮೂತ್ರಪಿಂಡವೇ ಯಾಕೆ? ನನಗೆ ಉತ್ತರ ಹೊಳೆದದ್ದು ಮಟನ್ ಅಂಗಡಿಯಲ್ಲಿ. ಕರುಳು, ಈಲಿ ಎಲ್ಲಾ ತೆಗೆದಾದ ಮೇಲೂ ಬೆನ್ನುಮೂಳೆಗೆ ಅಂಟಿಕೊಂಡಂತೆ ಬಿಳಿ ಕೊಬ್ಬಿನ ಎರಡು ಮುದ್ದೆ ಉಳಿದಿದ್ದವು. ಅಂಗಡಿಯವರು ಹೆಬ್ಬೆರಳಿನಿಂದ ಕೊಬ್ಬು ಬಿಡಿಸಿದರು. ಒಳಗೆ ನುಣ್ಣಗೆ, ಕಡುಗೆಂಪಗೆ ಕಿಡ್ನಿ. ಮೈಯಲ್ಲಿ ಇಷ್ಟು ಆಳದಲ್ಲಿ ಬಚ್ಚಿಟ್ಟುಕೊಂಡಿರುವುದನ್ನು ಮನಸ್ಸಿನ ಗುಟ್ಟಿನ ಜಾಗ ಅಂದುಕೊಂಡದ್ದು ನನಗೆ ಸಹಜ ಅನ್ನಿಸಿತು. ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನಲ್ಲಂತೂ ಎರಡು ಮೂತ್ರಪಿಂಡಗಳಲ್ಲಿ ಒಂದು ಒಳ್ಳೆಯ ಸಲಹೆ ಕೊಡುತ್ತದೆ, ಇನ್ನೊಂದು ಕೆಟ್ಟದ್ದು ಎಂಬ ಮಾತೇ ಇದೆ.

ಇದು ನಮಗೇನೂ ಹೊಸದಲ್ಲ. ಕರುಳು ಚುರುಕ್ ಅನ್ನುತ್ತದೆ, ಹೊಟ್ಟೆ ಉರಿಯುತ್ತದೆ. ನಮ್ಮ ‘ಗುಂಡಿಗೆ’ ಹೃದಯವೂ ಹೌದು, ಧೈರ್ಯವೂ ಹೌದು. ಅದರ ದಾಯಾದಿ ಪದ ತಮಿಳಿನ ‘ಕುಂಡಿಕ್ಕಾಯ್’. ಅದರ ಅರ್ಥ ಮೂತ್ರಪಿಂಡ! ಇದನ್ನು ನೋಡಿದ ದಿನ ಖುಷಿಯಿಂದ ಬೇರೆ ಕೆಲಸವೇ ಆಗಲಿಲ್ಲ.

ಕನ್ನಡಕ್ಕೆ ಏನು ಹಾಕೋದು? ‘ಮೂತ್ರಪಿಂಡ’ ಅಂದರೆ ಲ್ಯಾಬ್ ರಿಪೋರ್ಟ್ ಓದಿದಂತೆ. ‘ಅಂತರಾತ್ಮ’ ಅಂದರೆ ಅರ್ಥ ಸರಿ, ಆದರೆ ರಕ್ತಮಾಂಸ ಪೂರ್ತಿ ಹೋಯಿತು. ‘ಕರುಳು’ ಬರೆದು ನೋಡಿದೆ. ಅದು ತಾಯಿ ಮಕ್ಕಳ ಕಡೆಗೆ ಎಳೆಯಿತು. ಕೊನೆಗೆ ಉಳಿದದ್ದು ‘ಒಡಲು’. ಮೈಯೂ ಹೌದು, ಒಳಗೂ ಹೌದು.

ಈಗ ಸಾಲು ಹೀಗಿದೆ: “ಇರುಳಿನಲ್ಲಿ ನನ್ನ ಒಡಲೇ ನನಗೆ ಬುದ್ಧಿ ಹೇಳುತ್ತದೆ.” ಪುಟದ ಕೆಳಗೆ, ಮೂಲದಲ್ಲಿರುವುದು ಮೂತ್ರಪಿಂಡ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.