ತೆಂಗಿನ ನೆರಳಿನ ಅರಿಶಿನ ಮತ್ತು ನನ್ನ ಮಂಡಿನೋವು

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ತಿಪಟೂರು ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿಯೇ ನೆಲೆಸಿದ್ದೇನೆ. ಐದು ವರ್ಷಗಳ ಹಿಂದೆ ಬಲಮಂಡಿ ಸವೆದು ಮೆಟ್ಟಿಲು ಇಳಿಯುವುದೇ ಕಷ್ಟವಾದಾಗ, ನೋಡಲು ಬಂದವರೆಲ್ಲರೂ ಅರಿಶಿನ ತೆಗೆದುಕೊಳ್ಳಿ ಎಂದರು. ಎಷ್ಟು, ಯಾವುದರೊಂದಿಗೆ, ಎಷ್ಟು ದಿನ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಪಾಠ ಹೇಳಿದ ಅಭ್ಯಾಸದಿಂದಲೋ ಏನೋ, ಅಳತೆಯಿಲ್ಲದ ಮದ್ದನ್ನು ನುಂಗಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಸಂತೆಯಿಂದ ತಂದ ಬಿಡಿ ಪುಡಿಯನ್ನು ಪರೀಕ್ಷಿಸಿದೆ. ಚಿಟಿಕೆ ಪುಡಿಗೆ ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬರಿಯ ಅರಿಶಿನವಾಗಿದ್ದರೆ ನೀರು ಬೆರೆಸಿದೊಡನೆ ಆ ಬಣ್ಣ ಹೋಗಬೇಕು. ನನ್ನ ಪ್ರನಾಳದಲ್ಲಿ ಅದು ಹೋಗಲಿಲ್ಲ. ಹಾಗೆ ಉಳಿಯುವುದು ಮೆಟಾನಿಲ್ ಹಳದಿ ಎಂಬ ಕೃತಕ ಬಣ್ಣದ ಲಕ್ಷಣ. ಹೊಳಪಿಗೆಂದು ಸೀಸದ ಕ್ರೋಮೇಟ್ ಬೆರೆಸುವವರೂ ಇದ್ದಾರೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಕಂಡ ಸೀಸಕ್ಕೆ ಅರಿಶಿನವೇ ಮುಖ್ಯ ಮೂಲವೆಂಬುದು 2019ರಲ್ಲಿ ಬೆಳಕಿಗೆ ಬಂದಿತ್ತು. ಮಂಡಿಗೆ ಮದ್ದೆಂದು ಇದನ್ನು ತಿನ್ನುವುದು ಬೇಡವೆನಿಸಿ, ಚಾಮರಾಜನಗರದ ಕಡೆಯ ನೆಂಟರಿಂದ ಹತ್ತು ಕಿಲೋ ಬಿತ್ತನೆ ಗೆಡ್ಡೆ ತರಿಸಿ, ಜೂನ್ ಮೊದಲ ವಾರದಲ್ಲಿ ತೆಂಗಿನ ಸಾಲುಗಳ ನಡುವೆ ನೆಟ್ಟೆ. ಅರೆನೆರಳು ಅದಕ್ಕೆ ಒಗ್ಗುತ್ತದೆ. ಮಡಿಯಲ್ಲಿ ನೀರು ನಿಲ್ಲದಂತೆ ಏರು ಮಾಡಿದ್ದು, ಕೊಟ್ಟಿಗೆ ಗೊಬ್ಬರ ಕೊಟ್ಟದ್ದು ಬಿಟ್ಟರೆ ಹೆಚ್ಚಿನ ಉಪಚಾರ ಬೇಕಾಗಲಿಲ್ಲ. ಎಲೆ ಹಳದಿಯಾಗಿ ಒಣಗಿದ ಮೇಲೆ, ಫೆಬ್ರವರಿಯಲ್ಲಿ, ಕಿತ್ತೆವು.

ಕೀಳುವುದಕ್ಕಿಂತ ಬೇಯಿಸುವುದು ಕಷ್ಟದ ಕೆಲಸ, ಮತ್ತು ನಾನು ಎಡವಿದ್ದೂ ಅಲ್ಲಿಯೇ. ಬೇಯಿಸಿದರೆ ಸತ್ವ ಹೋಗುತ್ತದೆಂದು ಭಾವಿಸಿ ಮೊದಲ ವರ್ಷ ಅರ್ಧ ಗೆಡ್ಡೆಯನ್ನು ಹಸಿಯಾಗಿಯೇ ಒಣಗಲು ಹಾಕಿದೆ. ಹೊರಗೆ ಸುಕ್ಕಾಗಿ ಒಣಗಿದಂತೆ ಕಂಡ ಕೊಂಬು ಒಳಗೆ ಬೂಸಲು ಹಿಡಿದು, ಅಷ್ಟೂ ತಿಪ್ಪೆಗೆ ಹೋಯಿತು. ಬೇಯಿಸಿದಾಗ ಗೆಡ್ಡೆಯ ಮೊಳೆಯುವ ಗುಣ ಸಾಯುತ್ತದೆ, ಒಳಗಿನ ಪಿಷ್ಟ ಅಂಟಾಗಿ ಬಣ್ಣ ಒಂದೇ ಸಮನೆ ಹರಡುತ್ತದೆ, ಒಣಗುವ ದಿನಗಳೂ ಕಡಿಮೆಯಾಗುತ್ತವೆ. ಈಗ ತಾಯಿಗೆಡ್ಡೆಯನ್ನೂ ಬೆರಳಿನಂಥ ಕವಲುಗಳನ್ನೂ ಬೇರೆ ಮಾಡಿ, ಹಂಡೆಯಲ್ಲಿ ಮುಳುಗುವಷ್ಟು ನೀರು ಹಾಕಿ, ನೊರೆ ಬಂದು ಅರಿಶಿನದ ಘಮ ಅಂಗಳ ತುಂಬುವವರೆಗೆ, ಅಂದರೆ ಮುಕ್ಕಾಲು ಗಂಟೆಯ ಆಸುಪಾಸು, ಬೇಯಿಸುತ್ತೇನೆ. ತೆಂಗಿನ ಕಡ್ಡಿ ಸಲೀಸಾಗಿ ಚುಚ್ಚಿದರೆ ಒಲೆಯಿಂದ ಇಳಿಸಬೇಕು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ. ಹನ್ನೆರಡು ದಿನ ಬಿಸಿಲು ತಿಂದ ಕೊಂಬನ್ನು ಮುರಿದಾಗ ಲೋಹದಂಥ ಸದ್ದು ಬರಬೇಕು. ಐದು ಕಿಲೋ ಹಸಿಗೆ ಒಂದು ಕಿಲೋ ಒಣ ಕೊಂಬು ಉಳಿಯಿತು.

ಮೊದಲ ಪುಡಿಯನ್ನು ಅಂದಕ್ಕೆಂದು ಗಾಜಿನ ಭರಣಿಯಲ್ಲಿ ತುಂಬಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟದ್ದು ಇನ್ನೊಂದು ತಪ್ಪು. ಯುಗಾದಿಗೆ ತುಂಬಿದ್ದು ಗಣಪತಿ ಹಬ್ಬದ ವೇಳೆಗೆ ಕಿಟಕಿಯ ಕಡೆ ಪೇಲವವಾಗಿತ್ತು. ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ, ಕ್ಷಾರದಲ್ಲಿಯೂ ಬಾಳುವುದಿಲ್ಲ. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಕದಡಿದಾಗ ಓಕುಳಿ ಕೆಂಪಾಗುವುದು ಅದೇ ಅಣು ಕ್ಷಾರದಲ್ಲಿ ರೂಪ ಬದಲಿಸುವುದರಿಂದ. ಏಳನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಇದನ್ನು ಮಾಡಿ ತೋರಿಸುತ್ತಿದ್ದ ನಾನೇ ಭರಣಿಯ ವಿಷಯದಲ್ಲಿ ಮರೆತೆ. ಈಗ ಪುಡಿ ಸ್ಟೀಲ್ ಡಬ್ಬಿಯಲ್ಲಿರುತ್ತದೆ.

ಇನ್ನು ಅಳತೆಯ ಮಾತು. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಸರಾಸರಿ ಶೇ. 3ರಷ್ಟಿರುತ್ತದೆ, ಕೋಳಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಪ್ರತಿಭಾ’ದಂಥ ತಳಿಗಳಲ್ಲಿ ಅದರ ಇಮ್ಮಡಿ ಇರುವುದುಂಟು. ಮೂರು ಗ್ರಾಂ ತೂಗುವ ಒಂದು ಚಮಚ ಪುಡಿಯಲ್ಲಿ ಹೆಚ್ಚುಕಡಿಮೆ 90 ಮಿಲಿಗ್ರಾಂ ಎಂದಾಯಿತು. ಥಾಯ್ಲೆಂಡಿನಲ್ಲಿ ಮಂಡಿ ಸವೆದ 367 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ ನಾಲ್ಕು ವಾರಗಳಲ್ಲಿ 1,200 ಮಿಲಿಗ್ರಾಂ ನೋವುನಿವಾರಕ ಐಬುಪ್ರೊಫೆನ್‌ನಷ್ಟೇ ನೋವು ತಗ್ಗಿಸಿತು, ಹೊಟ್ಟೆಯ ತೊಂದರೆಯೂ ಕಡಿಮೆಯಿತ್ತು. ಸಾರವೆಂದರೆ ಬಹುಪಾಲು ಕರ್ಕ್ಯುಮಿನಾಯ್ಡುಗಳೇ, ಅಂದರೆ ಕರ್ಕ್ಯುಮಿನ್ ಮತ್ತು ಅದರ ಹತ್ತಿರದ ಸಂಬಂಧಿಗಳು. ಅಷ್ಟನ್ನು ಪುಡಿಯಿಂದ ಪಡೆಯಲು ಹತ್ತು ಚಮಚಕ್ಕೂ ಮಿಕ್ಕಿ ಬೇಕು. ಬಸ್ಸಾರಿಗೆ ಅಷ್ಟು ಅರಿಶಿನ ಸುರಿದರೆ ನಾಯಿಯೂ ಮೂಸುವುದಿಲ್ಲ. ಅಡುಗೆಯ ಅರಿಶಿನ ಒಂದು, ಪ್ರಯೋಗದ ಕರ್ಕ್ಯುಮಿನ್ ಇನ್ನೊಂದು ಎಂಬುದು ನನಗೆ ಸ್ಪಷ್ಟವಾದದ್ದು ಈ ಲೆಕ್ಕ ಬರೆದ ಮೇಲೆಯೇ.

ತಿಂದದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದೇ ಅತ್ಯಲ್ಪ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಪ್ರಮಾಣ ಇಪ್ಪತ್ತು ಪಟ್ಟಾಯಿತು, ಅದೂ ಮೊದಲ ಒಂದು ಗಂಟೆಯ ಒಳಗೆ. ಆದ್ದರಿಂದ ಬೆಳಗ್ಗೆ ಬಿಸಿನೀರಿಗೆ ಅರಿಶಿನ ಕದಡಿ ಕುಡಿಯುವುದನ್ನು ಬಿಟ್ಟೆ. ಅರ್ಧ ಚಮಚ ತುಪ್ಪ ಕಾಯಿಸಿ, ಅದರಲ್ಲಿ ಅರ್ಧ ಚಮಚ ಅರಿಶಿನ ಹಾಕಿ ಬಣ್ಣ ಬಿಟ್ಟ ಮೇಲೆ, ಎಂಟು ಕಾಳುಮೆಣಸು ಜಜ್ಜಿ ಹಾಕಿ, ಕೆನೆ ತೆಗೆಯದ ಹಾಲು ಸುರಿದು ರಾತ್ರಿ ಕುಡಿಯುತ್ತೇನೆ.

ನೋವನ್ನು ಹತ್ತರ ಅಂಕದಲ್ಲಿ ದಿನವೂ ಬರೆದಿಟ್ಟೆ. ಮೂರು ತಿಂಗಳಲ್ಲಿ ಏಳರಿಂದ ನಾಲ್ಕಕ್ಕೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ನಾನು ತೊಡೆಯ ಸ್ನಾಯುವಿನ ವ್ಯಾಯಾಮ ಮಾಡುತ್ತಿದ್ದೆ, ನಾಲ್ಕು ಕಿಲೋ ತೂಕವನ್ನೂ ಇಳಿಸಿದ್ದೆ. ಇಳಿಮುಖದ ಶ್ರೇಯಸ್ಸನ್ನೆಲ್ಲ ಅರಿಶಿನಕ್ಕೇ ಬರೆದರೆ ಅದು ಪರೀಕ್ಷೆಯಲ್ಲಿ ನಕಲು ಮಾಡಿದಂತೆ. ನಂತರ ಆರು ವಾರ ಪೈಪರಿನ್ ಬೆರೆತ ಕರ್ಕ್ಯುಮಿನ್ ಕ್ಯಾಪ್ಸೂಲನ್ನೂ ವೈದ್ಯರಿಗೆ ಹೇಳಿಯೇ ತೆಗೆದುಕೊಂಡೆ. ಅಂಕ ಮೂರಾಯಿತು. ಇಂಥ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಗಳಲ್ಲಿ ವರದಿಯಾಗಿರುವುದರಿಂದ ಮುಂದುವರಿಸಲಿಲ್ಲ.

ಡಬ್ಬಿಯಲ್ಲಿ ಉಳಿದ ಕ್ಯಾಪ್ಸೂಲ್‌ಗಳನ್ನು ನಮ್ಮ ಯಜಮಾನರು ಭುಜದ ನೋವಿಗೆಂದು ಮೂರು ವಾರ ನುಂಗಿದ್ದು ನನಗೆ ಗೊತ್ತಾಗಲಿಲ್ಲ. ಅವರಿಗೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನಡೆಯುತ್ತಿದೆ. ಹಲ್ಲುಜ್ಜುವಾಗ ರಕ್ತ ನಿಲ್ಲದಿದ್ದಾಗ ತುಮಕೂರಿಗೆ ಹೋಗಿ ಪರೀಕ್ಷಿಸಿದರೆ, ಮೂರರ ಸುತ್ತ ಇರಬೇಕಾದ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ 5.2 ಆಗಿತ್ತು. ಕರ್ಕ್ಯುಮಿನ್ನನ್ನು ಉಳಿಸಲೆಂದು ಪೈಪರಿನ್ ಯಾವ ಕಿಣ್ವಗಳನ್ನು ತಡೆಯುತ್ತದೆಯೋ ಅಂಥವೇ ಹಲವು ಔಷಧಗಳನ್ನೂ ದೇಹದಿಂದ ಹೊರಹಾಕುತ್ತವೆ. ಕರ್ಕ್ಯುಮಿನ್ ತಾನೇ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೊಂಚ ತಗ್ಗಿಸಬಲ್ಲದು. ಇದನ್ನು ಓದಿಕೊಂಡಿದ್ದ ನಾನು ಡಬ್ಬಿಯನ್ನು ಊಟದ ಮೇಜಿನ ಮೇಲೆ ಇಟ್ಟದ್ದಲ್ಲದೆ, ನನ್ನ ಅಂಕ ಇಳಿದದ್ದನ್ನು ದಿನವೂ ಅವರಿಗೆ ಓದಿ ಹೇಳುತ್ತಿದ್ದೆ.

ಕ್ಯಾಪ್ಸೂಲ್ ನಿಲ್ಲಿಸಿ, ವೈದ್ಯರು ಹೇಳಿದಂತೆ ವಾರ್ಫರಿನ್ನನ್ನೂ ಎರಡು ದಿನ ತಡೆದ ಮೇಲೆ ಐಎನ್‌ಆರ್ ಹಳೆಯ ಮಟ್ಟಕ್ಕೆ ಬಂತು. ಅಡುಗೆಯ ಅರಿಶಿನ ಬಿಡಬೇಕಾಗಿಲ್ಲ, ಪ್ರಮಾಣ ಮಾತ್ರ ದಿನಕ್ಕೊಂದು ರೀತಿ ಆಗಬಾರದು ಎಂದರು. ಅಂದಿನಿಂದ ಸಾರಿಗೆ ಹಾಕುವ ಅರಿಶಿನಕ್ಕೆ ಡಬ್ಬಿಯೊಳಗೇ ಕಾಲು ಚಮಚದ ಅಳತೆ ಇಟ್ಟಿದ್ದೇನೆ. ರಾತ್ರಿಯ ಮೆಣಸಿನ ಹಾಲನ್ನು ನನಗೊಬ್ಬಳಿಗೇ, ಬೇರೆ ಪಾತ್ರೆಯಲ್ಲಿ ಕಾಯಿಸಿಕೊಳ್ಳುತ್ತೇನೆ.